ಟಿಎಂಟಿ ‘ನಾರ್ಮಲ್’: ಭರವಸೆಯೋ, ಭ್ರಮೆಯೋ?

ಬೆಂಗಳೂರು: ಹಾಸನ ಜಿಲ್ಲೆಯಲ್ಲಿ 2025ರ ಮೇ–ಜೂನ್ ಅವಧಿಯ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು ಬೆಳೆಯಿತು. ಸಾಲಿನಲ್ಲಿದ್ದವರಲ್ಲಿ ಅನೇಕರಿಗೆ ಎದೆನೋವಾಗಲೀ ಉಬ್ಬಸವಾಗಲೀ ಇರಲಿಲ್ಲ. ಇದ್ದದ್ದು ಭಯ ಮಾತ್ರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ನಿಧನರಾದಾಗಲೂ ಇದೇ ದೃಶ್ಯ ಕಂಡುಬಂದಿತ್ತು. ನಿತ್ಯ ವ್ಯಾಯಾಮ ಮಾಡುತ್ತಿದ್ದವರೇ ಹೀಗಾದರೆ ನಮ್ಮ ಗತಿಯೇನು ಎಂಬ ಪ್ರಶ್ನೆ ಅಂದು ಮನೆಮನೆಯಲ್ಲೂ ಕೇಳಿಬಂದಿತ್ತು.

ಇಂಥ ಭಯಕ್ಕೆ ಜನಸಾಮಾನ್ಯರು ಕಂಡುಕೊಂಡಿರುವ ಪರಿಹಾರ ‘ಟಿಎಂಟಿ’, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ. ಖಾಸಗಿ ಆಸ್ಪತ್ರೆಗಳ ತಪಾಸಣಾ ಪ್ಯಾಕೇಜ್‌ಗಳಲ್ಲಿ ಅದಕ್ಕೆ ಖಾಯಂ ಸ್ಥಾನವಿದೆ. ವರದಿಯ ಕೊನೆಯಲ್ಲಿ ‘ನೆಗೆಟಿವ್’ ಎಂಬ ಪದ ಕಂಡರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಈ ಪರೀಕ್ಷೆ ಅಷ್ಟು ದೊಡ್ಡ ಭರವಸೆ ನೀಡಬಲ್ಲುದೇ?

ಯಂತ್ರ ಹೇಳುವುದೇನು?

ಇಂದು ಬಹುತೇಕ ಆಸ್ಪತ್ರೆಗಳಲ್ಲಿ ಅನುಸರಿಸುವ ಕ್ರಮಕ್ಕೆ ಅಮೆರಿಕದ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ಅವರ ಹೆಸರಿದೆ. 1963ರಲ್ಲಿ ಅವರು ಪ್ರಕಟಿಸಿದ ವಿಧಾನದಂತೆ ಪ್ರತಿ ಮೂರು ನಿಮಿಷಕ್ಕೊಮ್ಮೆ ಟ್ರೆಡ್‌ಮಿಲ್‌ನ ವೇಗ ಮತ್ತು ಏರು ಎರಡೂ ಹೆಚ್ಚುತ್ತವೆ. ಮೊದಲ ಹಂತದಲ್ಲಿ ಗಂಟೆಗೆ 2.7 ಕಿ.ಮೀ. ವೇಗ ಮತ್ತು ಶೇ 10ರಷ್ಟು ಏರು. ಮೂರನೇ ಹಂತಕ್ಕೆ ಬರುವಾಗ 5.5 ಕಿ.ಮೀ. ವೇಗ ಮತ್ತು ಶೇ 14ರಷ್ಟು ಏರು. ವಯಸ್ಸನ್ನು 220ರಿಂದ ಕಳೆದಾಗ ಬರುವ ಸಂಖ್ಯೆಯ ಶೇ 85ರಷ್ಟಾದರೂ ಹೃದಯ ಬಡಿತ ಏರಬೇಕೆಂಬುದು ರೂಢಿ. ಆ ವೇಳೆಯಲ್ಲಿ ಇಸಿಜಿ, ರಕ್ತದೊತ್ತಡ ಹಾಗೂ ರೋಗಿಯ ಲಕ್ಷಣಗಳನ್ನು ವೈದ್ಯರು ಗಮನಿಸುತ್ತಾರೆ.

ದುಡಿಯುವ ಹೃದಯಕ್ಕೆ ಹೆಚ್ಚು ರಕ್ತ ಬೇಕು. ರಕ್ತನಾಳ ಗಣನೀಯವಾಗಿ, ಸಾಮಾನ್ಯವಾಗಿ ಶೇ 70ರ ಆಸುಪಾಸಿನಲ್ಲಿ, ಕಿರಿದಾಗಿದ್ದರೆ ಆ ಬೇಡಿಕೆ ಪೂರೈಕೆಯಾಗದೆ ಇಸಿಜಿಯಲ್ಲಿ ಏರುಪೇರು ಕಾಣಿಸಿಕೊಳ್ಳುತ್ತದೆ. ಅಂದರೆ ಪರೀಕ್ಷೆ ಹಿಡಿಯುವುದು ರಕ್ತದ ಹರಿವಿಗೆ ಈಗಾಗಲೇ ಇರುವ ಅಡ್ಡಿಯನ್ನು. ಸಮಸ್ಯೆ ಇರುವುದು ಇಲ್ಲಿಯೇ. ಅನೇಕ ಹೃದಯಾಘಾತಗಳು ಅಷ್ಟು ಕಿರಿದಾಗಿರದ ರಕ್ತನಾಳದಲ್ಲೇ ಸಂಭವಿಸುತ್ತವೆ. ನಾಳದ ಗೋಡೆಯಲ್ಲಿನ ಕೊಬ್ಬಿನ ಗಂಟು ಹಠಾತ್ತನೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಹಿಂದಿನ ದಿನ ಟ್ರೆಡ್‌ಮಿಲ್ ಮೇಲೆ ಸಲೀಸಾಗಿ ನಡೆದವರಿಗೂ ಹೀಗಾಗಬಹುದು. ಅದು ಪರೀಕ್ಷೆಯ ತಪ್ಪೂ ಅಲ್ಲ, ವೈದ್ಯರ ತಪ್ಪೂ ಅಲ್ಲ, ಪರೀಕ್ಷೆಯ ಮಿತಿ.

ಸಾವಿರ ಮಂದಿಯ ಲೆಕ್ಕ

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1989ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ರೋಗವಿರುವ 100 ಮಂದಿಯಲ್ಲಿ ಟಿಎಂಟಿ ಪತ್ತೆ ಹಚ್ಚುವುದು ಸುಮಾರು 68 ಮಂದಿಯನ್ನು. ರೋಗವಿಲ್ಲದ 100 ಮಂದಿಯಲ್ಲಿ 77 ಮಂದಿಗೆ ಮಾತ್ರ ಅದು ಸರಿಯಾಗಿ ‘ಇಲ್ಲ’ ಎನ್ನುತ್ತದೆ.

ಯಾವುದೇ ತೊಂದರೆಯಿಲ್ಲದ 1,000 ಮಂದಿ ಭಯದಿಂದ ಪರೀಕ್ಷೆಗೆ ಬಂದರೆಂದು ಭಾವಿಸೋಣ. ಅವರಲ್ಲಿ 20 ಮಂದಿಗೆ ನಿಜವಾಗಿ ರೋಗವಿದೆ ಎಂದಿಟ್ಟುಕೊಂಡರೆ, ಈ ಲೆಕ್ಕದಂತೆ 14 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ ಆರು ಮಂದಿ ‘ನಾರ್ಮಲ್’ ವರದಿ ಹಿಡಿದು ಮನೆಗೆ ಹೋಗುತ್ತಾರೆ. ಇತ್ತ, ರೋಗವಿಲ್ಲದ 980 ಮಂದಿಯಲ್ಲಿ ಸುಮಾರು 225 ಮಂದಿಗೆ ‘ಪಾಸಿಟಿವ್’ ಎಂಬ ವರದಿ ಬರುತ್ತದೆ. ಹೀಗೆ ಪಾಸಿಟಿವ್ ಬಂದ ಪ್ರತಿ 17 ಮಂದಿಯಲ್ಲಿ ನಿಜವಾದ ರೋಗಿ ಒಬ್ಬರೇ. ಉಳಿದವರ ಪಾಲಿಗೆ ನಿದ್ದೆಯಿಲ್ಲದ ರಾತ್ರಿ, ಆಂಜಿಯೋಗ್ರಾಂ, ಖರ್ಚು. ಮಹಿಳೆಯರಲ್ಲಿ ಇಂಥ ಸುಳ್ಳು ಪಾಸಿಟಿವ್‌ಗಳು ಇನ್ನೂ ಹೆಚ್ಚು.

ಇದೇ ಪರೀಕ್ಷೆಯನ್ನು, ನಡೆಯುವಾಗ ಎದೆ ಹಿಡಿದಂತಾಗುವ 55ರ ಮಧುಮೇಹಿಗೆ ಮಾಡಿದರೆ ಫಲಿತಾಂಶದ ಅರ್ಥವೇ ಬದಲಾಗುತ್ತದೆ. ಅಂಥವರಲ್ಲಿ ರೋಗದ ಸಂಭವ ಮೊದಲೇ ಹೆಚ್ಚಿರುವುದರಿಂದ ಪಾಸಿಟಿವ್ ವರದಿಗೆ ತೂಕವಿದೆ. ಹೀಗಾಗಿಯೇ, ಅಪಾಯ ಕಡಿಮೆಯಿರುವ ಮತ್ತು ಯಾವ ಲಕ್ಷಣವೂ ಇಲ್ಲದ ವಯಸ್ಕರಿಗೆ ಸಾಧಾರಣ ಇಸಿಜಿಯಾಗಲೀ ವ್ಯಾಯಾಮದ ಇಸಿಜಿಯಾಗಲೀ ತಪಾಸಣೆಗೆಂದು ಮಾಡುವುದು ಬೇಡವೆಂದು ಅಮೆರಿಕದ ರೋಗತಡೆ ತಜ್ಞರ ಕಾರ್ಯಪಡೆ 2012ರಲ್ಲಿ ಮತ್ತು 2018ರಲ್ಲಿ ಶಿಫಾರಸು ಮಾಡಿತು.

ಕ್ರೀಡಾಪಟುವಿಗೆ ಬೇರೆ ಅಳತೆ

ಕ್ರೀಡಾಲೋಕದಲ್ಲಿ ಟ್ರೆಡ್‌ಮಿಲ್‌ಗೆ ಇನ್ನೊಂದು ಕೆಲಸವಿದೆ. ಅಲ್ಲಿನ ಪ್ರಶ್ನೆ ‘ರೋಗವಿದೆಯೇ’ ಎಂಬುದಲ್ಲ, ‘ಸಾಮರ್ಥ್ಯವೆಷ್ಟು’ ಎಂಬುದು. ಮುಖಕ್ಕೆ ಮಾಸ್ಕ್ ತೊಡಿಸಿ, ಒಳಗೆಳೆಯುವ ಮತ್ತು ಹೊರಬಿಡುವ ಗಾಳಿಯನ್ನು ಅಳೆದು, ದೇಹ ನಿಮಿಷಕ್ಕೆ ಪ್ರತಿ ಕಿಲೋ ತೂಕಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲುದು ಎಂದು ಲೆಕ್ಕ ಹಾಕಲಾಗುತ್ತದೆ. ಇದನ್ನೇ ‘ವಿಒ2 ಮ್ಯಾಕ್ಸ್’ ಎನ್ನುವುದು. ಸುಮ್ಮನೆ ಕುಳಿತಿರುವಾಗ ಬೇಕಾಗುವುದು ಸುಮಾರು 3.5 ಮಿ.ಲೀ.; ದೂರದ ಓಟದ ಅಗ್ರಶ್ರೇಣಿಯ ಪುರುಷ ಓಟಗಾರರಲ್ಲಿ ಇದು 70ನ್ನು ದಾಟುತ್ತದೆ. ಕ್ರಿಕೆಟಿಗರ ಆಯ್ಕೆಗೆ 2017ರಿಂದ ಸುದ್ದಿಯಲ್ಲಿರುವ ‘ಯೋ–ಯೋ’ ಪರೀಕ್ಷೆಯೂ, 20 ಮೀಟರ್ ಅಂತರದಲ್ಲಿ ಮತ್ತೆ ಮತ್ತೆ ಓಡಿ ಬರುವ ಮೂಲಕ, ಇದೇ ಸಾಮರ್ಥ್ಯವನ್ನು ಪರೋಕ್ಷವಾಗಿ ಅಳೆಯುತ್ತದೆ.

ಸಾಮರ್ಥ್ಯ ಹೆಚ್ಚಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. 35 ವರ್ಷದೊಳಗಿನ ಕ್ರೀಡಾಪಟುಗಳ ಹಠಾತ್ ಸಾವಿನ ಹಿಂದೆ ಹೆಚ್ಚಾಗಿ ಇರುವುದು ಅನುವಂಶೀಯವಾಗಿ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ, ಹೃದಯದ ವಿದ್ಯುತ್ ಸಂಚಾರದ ದೋಷ ಅಥವಾ ಹುಟ್ಟಿನಿಂದಲೇ ಬಂದ ರಕ್ತನಾಳದ ವಿಕೃತಿ. ಇವುಗಳ ಸುಳಿವು ಮನೆತನದ ಆರೋಗ್ಯ ಚರಿತ್ರೆ, ಸಾಧಾರಣ ಇಸಿಜಿ ಮತ್ತು ಎಕೋದಲ್ಲಿ ಸಿಗುವುದೇ ಹೆಚ್ಚು. 35 ದಾಟಿದವರಲ್ಲಿ ಮಾತ್ರ ರಕ್ತನಾಳ ಕಿರಿದಾಗುವ ರೋಗ ಮುಂಚೂಣಿಗೆ ಬರುತ್ತದೆ.

ಇಟಲಿ, ಇಸ್ರೇಲ್ ಹೇಳುವ ಪಾಠ

ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆಲ್ಲ ಇಟಲಿ 1982ರಲ್ಲಿ ಇಸಿಜಿ ಸಹಿತ ತಪಾಸಣೆಯನ್ನು ಕಡ್ಡಾಯಗೊಳಿಸಿತು. ಅಲ್ಲಿನ ವೆನೆಟೊ ಪ್ರದೇಶದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಹೃದಯ ಸಂಬಂಧಿ ಸಾವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತೆಂದು 2006ರಲ್ಲಿ ಸಂಶೋಧಕರು ವರದಿ ಮಾಡಿದರು. ಇಸ್ರೇಲ್ 1997ರಲ್ಲಿ ವ್ಯಾಯಾಮ ಪರೀಕ್ಷೆಯನ್ನೂ ಸೇರಿಸಿ ಇಂಥದೇ ನಿಯಮ ಜಾರಿಗೆ ತಂದಿತು. ಅಲ್ಲಿ ನಿಯಮಕ್ಕೆ ಮುನ್ನ ಲಕ್ಷಕ್ಕೆ 2.54 ಇದ್ದ ಸಾವಿನ ಪ್ರಮಾಣ ನಂತರ 2.66 ಆಗಿತ್ತು, ಅಂದರೆ ವ್ಯತ್ಯಾಸವೇ ಇಲ್ಲವೆಂದು 2011ರ ಅಧ್ಯಯನ ಹೇಳಿತು. ಎರಡೂ ಫಲಿತಾಂಶಗಳ ಮೇಲಿನ ಚರ್ಚೆ ಮುಗಿದಿಲ್ಲ.

ಈ ಚರ್ಚೆಯನ್ನು ಜಗತ್ತಿನ ಕಣ್ಣೆದುರಿಗೆ ತಂದದ್ದು ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಪ್ರಕರಣ. 2021ರ ಜೂನ್ 12ರಂದು ಯೂರೋ ಪಂದ್ಯದ ನಡುವೆ ಅವರ ಹೃದಯ ಸ್ತಬ್ಧವಾಯಿತು. ಆಗ ಅವರು ಆಡುತ್ತಿದ್ದದ್ದು ಇಟಲಿಯ ಇಂಟರ್ ಮಿಲಾನ್ ಕ್ಲಬ್‌ಗೆ. ಅಂದರೆ ಕಟ್ಟುನಿಟ್ಟಿನ ತಪಾಸಣೆಯಿರುವ ದೇಶದಲ್ಲಿ. ಅವರನ್ನು ಉಳಿಸಿದ್ದು ಮೈದಾನದಲ್ಲೇ ದೊರೆತ ಎದೆಯೊತ್ತುವ ಚಿಕಿತ್ಸೆ ಮತ್ತು ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಯಂತ್ರ. 2022ರ ಫೆಬ್ರುವರಿಯಲ್ಲಿ ಅವರು ಮತ್ತೆ ಮೈದಾನಕ್ಕಿಳಿದರು.

ನಿಜವಾದ ಉಪಯೋಗ ಯಾರಿಗೆ?

ವ್ಯಾಯಾಮ ಪರೀಕ್ಷೆಯ ಶ್ರೇಷ್ಠ ಉಪಯೋಗವಾಗುವುದು ಈಗಾಗಲೇ ರೋಗಿಗಳಾದವರಿಗೆ ಎಂಬುದು ನಮ್ಮಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ. ಹೃದಯ ವೈಫಲ್ಯದ ರೋಗಿಯ ಆಮ್ಲಜನಕ ಬಳಕೆಯ ಸಾಮರ್ಥ್ಯ 14 ಮಿ.ಲೀ.ಗಿಂತ ಕಡಿಮೆಯಿದ್ದರೆ ಹೃದಯ ಕಸಿಯ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಿಗೆ ಈ ಮಿತಿ 12. ಶ್ವಾಸಕೋಶದ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಮುನ್ನ ಈ ಅಂಕಿ 20ರ ಮೇಲಿದ್ದರೆ ಧೈರ್ಯ, 10ಕ್ಕಿಂತ ಕೆಳಗಿದ್ದರೆ ಅಪಾಯ ಅತಿ ಹೆಚ್ಚು.

ಇಂಥ ಯಂತ್ರವಿಲ್ಲದ ಊರಿಗೂ ಒಂದು ಉಪಾಯವಿದೆ. 30 ಮೀಟರ್ ಉದ್ದದ ಸಮತಟ್ಟಾದ ಹಜಾರ ಮತ್ತು ಒಂದು ಗಡಿಯಾರವಿದ್ದರೆ, ಆರು ನಿಮಿಷದಲ್ಲಿ ರೋಗಿ ಎಷ್ಟು ದೂರ ನಡೆಯಬಲ್ಲ ಎಂಬುದನ್ನು ತಾಲ್ಲೂಕು ಆಸ್ಪತ್ರೆಯಲ್ಲೂ ಅಳೆಯಬಹುದು. ಸ್ಟೆಂಟ್ ಅಥವಾ ಬೈಪಾಸ್ ಆದ ಬಳಿಕ ಎಷ್ಟು ನಡೆಯಬೇಕು, ಯಾವಾಗ ಕೆಲಸಕ್ಕೆ ಮರಳಬೇಕು ಎಂಬ ಪ್ರಶ್ನೆಗಳಿಗೂ ವ್ಯಾಯಾಮ ಪರೀಕ್ಷೆಯಲ್ಲೇ ಉತ್ತರವಿದೆ.

6,213 ಪುರುಷರನ್ನು ಅನುಸರಿಸಿ 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ವ್ಯಾಯಾಮ ಸಾಮರ್ಥ್ಯ ವಿಶ್ರಾಂತಿಯ ಅಗತ್ಯದ ಒಂದು ಪಟ್ಟು, ಅಂದರೆ 3.5 ಮಿ.ಲೀ., ಹೆಚ್ಚಿದಂತೆಲ್ಲ ಬದುಕುಳಿಯುವ ಸಾಧ್ಯತೆ ಶೇ 12ರಷ್ಟು ಸುಧಾರಿಸುತ್ತದೆ ಎಂದು ತೋರಿಸಿತು. ಆದರೆ ನಮ್ಮವರು ವರದಿಯಲ್ಲಿ ಓದುವುದು ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಒಂದೇ ಪದವನ್ನು. ಎಷ್ಟು ನಿಮಿಷ ನಡೆದರು, ಏಕೆ ನಿಲ್ಲಿಸಿದರು ಎಂಬ ಸಾಲಿನತ್ತ ಕಣ್ಣು ಹಾಯುವುದು ಅಪರೂಪ.

ಮುಂದೇನು?

ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ 2025ರ ಜುಲೈನಲ್ಲಿ ನೀಡಿದ ವರದಿ ಹಠಾತ್ ಸಾವುಗಳಿಗೆ ಒಂದೇ ಕಾರಣವನ್ನು ಹೇಳಲಿಲ್ಲ. ಕೋವಿಡ್ ಲಸಿಕೆಯೊಂದಿಗೆ ನೇರ ಸಂಬಂಧವನ್ನೂ ಕಾಣಲಿಲ್ಲ. ರಕ್ತದೊತ್ತಡ, ಮಧುಮೇಹ, ಬೊಜ್ಜು, ಧೂಮಪಾನ, ಕೊಲೆಸ್ಟರಾಲ್‌ನಂಥ ಹಳೆಯ ವೈರಿಗಳತ್ತಲೇ ಮತ್ತೆ ಗಮನ ಹರಿಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುನ್ನಡೆಸಿದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಷ್ಟು ಹಿಂದೆಯೇ ಇದನ್ನು ಹೇಳಿತ್ತು: ತಡೆಯಬಹುದಾದ, ಅಳೆಯಬಹುದಾದ ಒಂಬತ್ತು ಅಂಶಗಳೇ ಹೃದಯಾಘಾತದ ಅಪಾಯದ ಬಹುಪಾಲಿಗೆ ಕಾರಣ. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಇತರರಿಗಿಂತ ಸುಮಾರು ಆರು ವರ್ಷ ಮೊದಲೇ, ಸರಾಸರಿ 53ರಲ್ಲಿ, ಎದುರಾಗುತ್ತದೆ ಎಂಬ ಎಚ್ಚರಿಕೆಯೂ ಅದೇ ಸಂಶೋಧನೆಯಿಂದ ಬಂತು.

ರಕ್ತದೊತ್ತಡದ ಪಟ್ಟಿ ಮತ್ತು ರಕ್ತ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುತ್ತವೆ. ಅಪಾಯವೆಷ್ಟೆಂಬುದನ್ನು ಅಲ್ಲಿ ಅಳೆದು, ಲಕ್ಷಣವಿದ್ದವರನ್ನು ಮಾತ್ರ ಮುಂದಕ್ಕೆ ಕಳುಹಿಸುವ ಕ್ರಮ ಗಟ್ಟಿಯಾದರೆ ಜಯದೇವದ ಸಾಲು ತಾನಾಗಿಯೇ ಕರಗುತ್ತದೆ. ಭಯದ ಸಾಲು ಉದ್ದವಾದಷ್ಟೂ ನಿಜವಾದ ರೋಗಿಯ ಸರದಿ ತಡವಾಗುತ್ತದೆ ಎಂಬುದನ್ನು ಮರೆಯಬಾರದು. ಎದೆನೋವು ಆರಂಭವಾಗಿರುವವರು ಟಿಎಂಟಿಗೆ ಹೆಸರು ಬರೆಸುವುದಂತೂ ಸಲ್ಲದು. ಅವರಿಗೆ ಬೇಕಾದದ್ದು ತುರ್ತು ಚಿಕಿತ್ಸಾ ಘಟಕದಲ್ಲಿ ತಕ್ಷಣದ ಇಸಿಜಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ಉದ್ದೇಶವೂ ಇದೇ.

ಹೃದಯ ಸ್ತಬ್ಧವಾದ ಬಳಿಕ ನೆರವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಬಸ್ ನಿಲ್ದಾಣ, ಜಿಮ್, ಕ್ರೀಡಾಂಗಣಗಳಲ್ಲಿ ವಿದ್ಯುತ್ ಆಘಾತ ನೀಡುವ ಯಂತ್ರವಿದ್ದು, ಎದೆಯೊತ್ತಲು ಬಲ್ಲವರು ನಾಲ್ಕು ಮಂದಿ ಹತ್ತಿರದಲ್ಲಿದ್ದರೆ, ಯಾವ ಪರೀಕ್ಷೆಯೂ ಮುನ್ಸೂಚನೆ ನೀಡದ ಕೆಲವು ಸಾವುಗಳನ್ನಾದರೂ ತಡೆಯಬಹುದು. ಟ್ರೆಡ್‌ಮಿಲ್ ಒಳ್ಳೆಯ ಸಾಕ್ಷಿ. ಆದರೆ ಕೇಳಿದ ಪ್ರಶ್ನೆಗಷ್ಟೇ ಅದು ಉತ್ತರಿಸುತ್ತದೆ. ಯಾರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ನಿರ್ಧರಿಸಬೇಕಾದದ್ದು ವೈದ್ಯರೇ ಹೊರತು ಭಯವೂ ಅಲ್ಲ, ಪ್ಯಾಕೇಜ್‌ನ ಜಾಹೀರಾತೂ ಅಲ್ಲ.