ಗೋಮಾಳ ಖಾಲಿ ಜಾಗವಲ್ಲ



ಬೆಂಗಳೂರು ಬಳಿಯ ಹೆಸರಘಟ್ಟದ 5,678 ಎಕರೆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. 2021ರಲ್ಲಿ ತಿರಸ್ಕರಿಸಿದ್ದೂ ಇದೇ ಮಂಡಳಿ, ಇರಲಿ. ಅಲ್ಲಿ ಕಾಣಸಿಗುವ ಲೈಲಾಕ್ ಸಿಲ್ವರ್‌ಲೈನ್ ಎಂಬ ಅಪರೂಪದ ಚಿಟ್ಟೆಗೆ ಕಾನೂನಿನ ರಕ್ಷಣೆಯಿದೆ. ಆದರೆ ಬರೀ ಕಾನೂನು ಸಾಲದು, ಇರುವೆ ಬೇಕು! ಈ ಚಿಟ್ಟೆಯ ಮರಿಹುಳು ಸಿಹಿರಸ ಒಸರಿ ಇರುವೆಗಳ ಕಾವಲು ಪಡೆಯುತ್ತದೆ. ಜೆಸಿಬಿ ನೆಲ ಬಗೆದರೆ, ಬೇಸಿಗೆಯಲ್ಲಿ ಯಾರೋ ಬೆಂಕಿ ಇಟ್ಟರೆ ಇರುವೆಯೂ ಹೋಯಿತು, ಹುಳು ಮೇಯುವ ಗಿಡವೂ ಹೋಯಿತು.

ಹೆಸರಘಟ್ಟದಿಂದ ಮಾಗಡಿ ದೂರವೇನಲ್ಲ. ಸಾವನದುರ್ಗದ ಸುತ್ತ, ಕನಕಪುರ, ಚನ್ನಪಟ್ಟಣದ ಗೋಮಾಳಗಳಲ್ಲಿ ಇನ್ನೂ ಕುರುಚಲು, ಹುಲ್ಲು ಉಳಿದಿದೆ; ಈ ಚಿಟ್ಟೆ ಅಲ್ಲೂ ಇರಬಹುದು. ಆ ನೆಲವನ್ನು ಬಂಜರೆಂದೇ ಬಗೆಯುವುದರಿಂದ ಬಡಾವಣೆಗೂ ಅದೇ ಜಾಗ, ವನಮಹೋತ್ಸವಕ್ಕೂ ಅದೇ. ಬಯಲಿನಲ್ಲಿ ಒತ್ತಾಗಿ ಮರ ಬೆಳೆಸಿದರೆ ನೆರಳಿನಡಿ ಹುಲ್ಲು ಸಾಯುತ್ತದೆ. ಆದರೂ ಹಸಿರು ಹೆಚ್ಚಿತೆಂದು ಫೋಟೊ ಬರುತ್ತದೆ.

ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಗೆ 2012ರಲ್ಲಿ ಧಾಮ ಕೊಟ್ಟ ಸೀಮೆ ನಮ್ಮದು; ಚಿಟ್ಟೆಗೂ ನೆಲೆ ಕೊಡಬಹುದು. ಅರಣ್ಯ ಇಲಾಖೆ ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕುಗಳ ಗೋಮಾಳಗಳಲ್ಲಿ ಮಳೆಗಾಲದ ಬಳಿಕ ಚಿಟ್ಟೆ ಸಮೀಕ್ಷೆ ನಡೆಸಲಿ. ಅದು ಮುಗಿಯುವ ತನಕ ಅಲ್ಲಿ ಸಸಿ ಗುಂಡಿ ತೋಡುವುದು ಬೇಡ. ದನ, ಕುರಿ ಮೇಯಿಸುವವರನ್ನು ಓಡಿಸುವುದೂ ಬೇಡ. ಹದವಾಗಿ ಮೇಯಿಸಿದರೆ ಹುಲ್ಲುಗಾವಲಿಗೆ ಕೇಡಿಲ್ಲ.

ಓರ್ವ ಓದುಗ, ಮಾಗಡಿ