ಹಳೆಯ ಫೋನಿನೊಳಗಿನ ಲೆಕ್ಕಪುಸ್ತಕ

ಕುರುಬರಹಳ್ಳಿಯ ಮನೆಗಳಲ್ಲಿ ಬೀರುವಿನ ಒಂದು ಖಾನೆ ಹಳೆಯ ವಸ್ತುಗಳಿಗೆಂದೇ ಮೀಸಲು. ನಿಂತುಹೋದ ಕೈಗಡಿಯಾರ, ಮುಗಿದ ಪಾಸ್‌ಪುಸ್ತಕ, ಕಾಲು ಮುರಿದ ಕನ್ನಡಕ ಇವುಗಳ ನಡುವೆ ಈಗ ಒಂದೆರಡು ಹಳೆಯ ಮೊಬೈಲ್ ಫೋನುಗಳೂ ಸೇರಿಕೊಂಡಿವೆ. ಹಬ್ಬಕ್ಕೆ ಮುನ್ನ ಮನೆ ಗುಡಿಸಿ ಸಾರಿಸುವಾಗ ಅವು ಗುಜರಿಯವನ ಚೀಲಕ್ಕೆ ಬೀಳುವುದು ವಾಡಿಕೆ. ಬೀಳುವುದಕ್ಕೆ ಮೊದಲು ಅವನ್ನು ಒಮ್ಮೆ ತೆರೆದು ನೋಡುವುದು ಲೇಸು.

ಇಂಥ ಒಂದು ಮನೆಯನ್ನು ಎಣಿಸಿಕೊಳ್ಳಬಹುದು. ಮನೆಯ ಹಿರಿಯರು ಕಾಲವಾಗಿದ್ದಾರೆ. 2006ರಲ್ಲಿ ಮೇಲಂತಸ್ತು ಕಟ್ಟಿಸಿದಾಗ ಯಾರು ಎಷ್ಟು ಹಣ ಕೊಟ್ಟರೆಂಬ ವಿಷಯದಲ್ಲಿ ಇಬ್ಬರು ಗಂಡುಮಕ್ಕಳಿಗೂ ಒಮ್ಮತವಿಲ್ಲ. ಲೆಕ್ಕವೆಲ್ಲ ತಂದೆಯ ಫೋನಿನಲ್ಲಿತ್ತೆಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಆ ಫೋನು 2003ರಲ್ಲಿ ಹೊರಬಂದ ನೋಕಿಯಾ 6600. ಬಂಧುವೊಬ್ಬರು ಅಮೆರಿಕದಿಂದ ತಂದುಕೊಟ್ಟುದು. ಅಲ್ಲಿಯ ಕಂಪನಿಯ ಸಿಮ್ಮಿಗೆ ಮಾತ್ರ ಒಪ್ಪುವಂತೆ ಹಾಕಿದ್ದ ಬೀಗವನ್ನು ಆಗಲೇ ತೆಗೆಸಲಾಗಿತ್ತು. ಲೆಕ್ಕ ಬರೆಯಲು ಹಿರಿಯರು ಅದರಲ್ಲಿ ಒಂದು ಜಾವಾ ಪ್ರೋಗ್ರಾಮನ್ನು ಹಾಕಿಸಿಕೊಂಡಿದ್ದರು.

ಜಾವಾ ಎಂಬುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿ, 1995ರಲ್ಲಿ ಪ್ರಕಟಿಸಿದ ಗಣಕಭಾಷೆ. ಒಮ್ಮೆ ಬರೆದ ಪ್ರೋಗ್ರಾಮು ಎಲ್ಲ ಯಂತ್ರಗಳಲ್ಲಿಯೂ ನಡೆಯಬೇಕೆಂಬುದು ಅದರ ಗುರಿ. ಅದಕ್ಕಾಗಿ ಪ್ರತಿಯೊಂದು ಯಂತ್ರದಲ್ಲಿಯೂ ಒಬ್ಬ ದುಭಾಷಿಯನ್ನು ಇಟ್ಟಂತೆ ಏರ್ಪಾಡು ಮಾಡಿದರು. ಪ್ರೋಗ್ರಾಮಿನ ಮಾತನ್ನು ಆಯಾ ಯಂತ್ರದ ಮಾತಿಗೆ ತಿರುಗಿಸಿ ಹೇಳುವುದು ಆ ದುಭಾಷಿಯ ಕೆಲಸ. ಚಿಕ್ಕ ಫೋನುಗಳಿಗೆ ತಕ್ಕ ನಿಯಮಾವಳಿ 2000ದಲ್ಲಿಯೂ, ಅದರ ಎರಡನೆಯ ಆವೃತ್ತಿ 2002ರಲ್ಲಿಯೂ ಬಂದುವು. ಆಟ, ನಿಘಂಟು, ಲೆಕ್ಕದ ಪುಸ್ತಕ ಮುಂತಾದುವು ಜಾರ್ ಎಂಬ ಕಡತಗಳಾಗಿ ಫೋನಿನಿಂದ ಫೋನಿಗೆ ಹರಿದಾಡಿದುವು.

ಮೊಮ್ಮಗನು ಈ ಕಾಲದ ಹುಡುಗ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಮಿನ ಜಾರ್ ಕಡತವನ್ನು ಹುಡುಕಿ ತೆಗೆದು ತನ್ನ ಆಂಡ್ರಾಯ್ಡ್ ಫೋನಿಗೆ ಹಾಕಿದನು. ಆದರೆ ಆಂಡ್ರಾಯ್ಡಿನ ಪ್ರೋಗ್ರಾಮುಗಳನ್ನು ಜಾವಾ ಭಾಷೆಯಲ್ಲಿ ಬರೆಯಬಹುದಾದರೂ, ಅದರೊಳಗಿನ ದುಭಾಷಿಗೆ ಹಳೆಯ ಜಾರ್ ಕಡತ ನೇರವಾಗಿ ತಿಳಿಯುವುದಿಲ್ಲ. ಜೆ2ಎಂಇ ಲೋಡರ್ ಎಂಬ ಉಚಿತ ಸಾಧನವು ಅದನ್ನು ಹೊಸ ಯಂತ್ರಕ್ಕೆ ಒಪ್ಪುವಂತೆ ಮಾರ್ಪಡಿಸಿ, ಹಳೆಯ ಫೋನಿನ ಗುಂಡಿಗಳನ್ನು ಗಾಜಿನ ಮೇಲೆಯೇ ತೋರಿಸಿಕೊಡುತ್ತದೆ. ಪ್ರೋಗ್ರಾಮು ತೆರೆಯಿತು. ತಾತನ ಕಾಲದ ನೀಲಿ ಪುಟವೇ ಕಾಣಿಸಿತು. ಪುಟ ಮಾತ್ರ ಖಾಲಿ!

ಇಲ್ಲಿಯೇ ಬಹುಮಂದಿ ಎಡವುವುದು. ಪ್ರೋಗ್ರಾಮು ಬೇರೆ, ಅದರಲ್ಲಿ ಬರೆದಿಟ್ಟ ವಿಷಯ ಬೇರೆ. ಜಾರ್ ಕಡತವೆಂಬುದು ಅಂಗಡಿಯಿಂದ ತಂದ ಖಾಲಿ ಖಾತೆಪುಸ್ತಕದಂತೆ. ಬರೆದ ಲೆಕ್ಕವಾದರೋ ಹಳೆಯ ಫೋನಿನ ಒಡಲಿನಲ್ಲಿ, ಆ ಪ್ರೋಗ್ರಾಮಿಗೆಂದೇ ಮೀಸಲಾದ ಪೆಟ್ಟಿಗೆಯಲ್ಲಿರುತ್ತದೆ. ಪ್ರೋಗ್ರಾಮನ್ನು ಅಳಿಸಿದರೆ ಆ ಪೆಟ್ಟಿಗೆಯೂ ಅಳಿಸಿಹೋಗುವುದು ನಿಯಮ. ಅಳಿಸಿ ಮತ್ತೆ ಹಾಕಿದರೆ ಸರಿಹೋದೀತೆಂದು ಹಳೆಯ ಫೋನಿನಲ್ಲಿ ಪ್ರಯೋಗಕ್ಕಿಳಿದವನು ಮನೆಯ ಕಾಗದಪತ್ರಗಳಿಗೆ ತಾನೇ ಬೆಂಕಿಯಿಟ್ಟಂತೆ.

ಆದುದರಿಂದ ಹಳೆಯ ಫೋನನ್ನೇ ಎಬ್ಬಿಸಬೇಕು. ಊದಿಕೊಂಡ ಬ್ಯಾಟರಿಯನ್ನು ಚಾರ್ಜಿಗೆ ಹಾಕಕೂಡದು. 6600ಕ್ಕೆ ಒಪ್ಪುವ ಬಿಎಲ್-5ಸಿ ಬ್ಯಾಟರಿ, ದಪ್ಪ ಮೂತಿಯ ಚಾರ್ಜರು ಇವುಗಳನ್ನು ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಬೇಕು. ಆ ಕಾಲದ ಎಷ್ಟೋ ಫೋನುಗಳು ಸಿಮ್ ಇಲ್ಲದೆ ಬಾಗಿಲನ್ನೇ ತೆರೆಯುವುದಿಲ್ಲ. ಬೀಗ ತೆಗೆಸಿದುದರ ಫಲ ಈಗ ತಿಳಿಯುವುದು. ಇಂದಿನ ಪುಟ್ಟ ಸಿಮ್ಮನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ ಒಳಗಿಟ್ಟರಾಯಿತು.

ಹಾಗೆಯೇ ಮಾಡಿದರು. ಫೋನು ಬೆಳಗಿತು. ಅಂದಿನ ಎಷ್ಟೋ ಜಾವಾ ಪ್ರೋಗ್ರಾಮುಗಳಂತೆ ಇದಕ್ಕೂ ತನ್ನ ಬರಹವನ್ನು ಹೊರಗೆ ಕಳುಹಿಸುವ ಶಕ್ತಿಯಿರಲಿಲ್ಲ. ಹಿರಿಯ ಸೊಸೆ ಒಂದೊಂದೇ ಪುಟವನ್ನು ಸರಿಸುತ್ತ ಗಟ್ಟಿಯಾಗಿ ಓದಿದಳು. ಕಿರಿಯವಳು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಹುಡುಗನು ಪ್ರತಿಯೊಂದು ಪುಟದ ಛಾಯಾಚಿತ್ರ ತೆಗೆದನು. ಫೋನಿನಲ್ಲಿ ಕನ್ನಡ ಲಿಪಿಯಿಲ್ಲದೆ ಹಿರಿಯರು ಸಿಮೆಂಟು, ಮರಳು, ಗಾರೆಯವನ ಕೂಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವಾಗಿ ಒತ್ತಿದ್ದರು. ಇಬ್ಬರು ಮಕ್ಕಳು ಕೊಟ್ಟ ಹಣವೂ ತಾರೀಖಿನೊಡನೆ ಇತ್ತು. ಹೆಚ್ಚುಕಡಿಮೆ ಸರಿಸಮ.

ಎರಡನೆಯ ಸಂಜೆ ಓದುತ್ತಿದ್ದ ಹಿರಿಯ ಸೊಸೆ ಒಂದು ಕಡೆ ತಟ್ಟನೆ ನಿಂತಳು. ಕಿರಿಯವಳು ಬಗ್ಗಿ ತಾನೇ ಓದಿದಳು. ತಾರಸಿ ಹಾಕಿಸಿದ ವಾರದ ಲೆಕ್ಕ ಅದು: ದೊಡ್ಡ ಸೊಸೆಯ ಬಳೆ ನಾಲ್ಕು, ಅಡವು, ಬಿಡಿಸಿ ಕೊಡತಕ್ಕದ್ದು. ಬಿಡಿಸಿದ ಲೆಕ್ಕ ಮುಂದಿನ ಯಾವ ಪುಟದಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಅವಳು ಅದನ್ನು ಯಾರೊಡನೆಯೂ ಆಡಿರಲಿಲ್ಲ.

ಪಾಲಿನ ಮಾತು ಆ ಸಂಜೆ ನಡೆಯಲಿಲ್ಲ. ಮೊದಲು ಬಳೆಯ ಬಾಕಿ ತೀರಲಿ, ಮಿಕ್ಕುದನ್ನು ಆಮೇಲೆ ನೋಡೋಣವೆಂದು ಕಿರಿಯ ಮಗನೇ ಹೇಳಿದನು.

ಖಾನೆಯಲ್ಲಿ ಮಲಗಿರುವ ಹಳೆಯ ಫೋನು ಗುಜರಿಯವನ ತಕ್ಕಡಿಯಲ್ಲಿ ಬಹಳ ತೂಗಲಾರದು. ಅದರೊಳಗಿನ ಬರಹವನ್ನು ಕಾಗದಕ್ಕೆ ಇಳಿಸಿಕೊಂಡ ಬಳಿಕ ಅದನ್ನು ಧಾರಾಳವಾಗಿ ಕೊಡಬಹುದು. ಅದಕ್ಕೆ ಮೊದಲು ಕೊಡಲಾಗದು.