ಕರವಸ್ತ್ರದ ಮೂಲೆ ಮತ್ತು ಮದುವೆಯ ಗೌನು

ಕಳೆದ ವರ್ಷ ಮೇ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಯ ಕರೆಯೋಲೆ ಹಿಡಿದು ತಾಯಿಯೊಂದಿಗೆ ಮನೆಗೆ ಬಂದಳು. ನಾನು ಮಂಗಳೂರಿನಲ್ಲಿ ಪಾಠ ಮಾಡುತ್ತಿದ್ದಾಗ ಹತ್ತನೇ ತರಗತಿಯ ಮುಂದಿನ ಬೆಂಚಿನವಳು. ನನ್ನ ಹೆಂಡತಿ ಬಿಸಿ ಗೋಳಿಬಜೆ ತಂದಿಟ್ಟಳು. ಹುಡುಗಿ ಮುಟ್ಟಲಿಲ್ಲ.

"ಮೂರು ವಾರದಿಂದ ರಾತ್ರಿ ಊಟ ಬಿಟ್ಟಿದ್ದಾಳೆ ಸರ್. ಮೊನ್ನೆ ಬಸ್ ಸ್ಟಾಪಿನಲ್ಲಿ ತಲೆ ತಿರುಗಿ ಕೂತುಬಿಟ್ಟಳಂತೆ. ನೀವಾದರೂ ಬುದ್ಧಿ ಹೇಳಿ" ಎಂದರು ತಾಯಿ.

ಕಾರಣ ಒಂದು ಉಡುಪು. ಮಂಗಳೂರಿನ ಕ್ಯಾಥೊಲಿಕ್ ಮದುವೆಗಳನ್ನು ಕಂಡವರಿಗೆ ಗೊತ್ತು: ಚರ್ಚಿನಲ್ಲಿ ಬಿಳಿ ಉಡುಪು, ಆಮೇಲೆ ಕೆಂಪು ಸಾಡೊ ಸೀರೆ. ಸೀರೆಯ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಬಿಳಿಯದು ಮಾತ್ರ 'ವಿಂಟೇಜ್' ಆಗಬೇಕು, ಅಂದರೆ ಅಜ್ಜಿಯ ಕಾಲದ ಮಾದರಿ. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. 1930ರ ದಶಕದ ಗೌನು. ಭುಜದಿಂದ ಪಾದದವರೆಗೆ ನೀರು ಇಳಿದಂತೆ ಇಳಿದಿತ್ತು. ಟೈಲರಮ್ಮ ಅದನ್ನು ನೋಡಿ ಸ್ಯಾಟಿನ್ನಿನಲ್ಲಿ ಹೊಲಿದುಕೊಟ್ಟಿದ್ದರು. ಹಾಕಿಕೊಂಡರೆ ನಡುವಿನ ಬಳಿ ಬಿಗಿದು ಅಡ್ಡಡ್ಡ ಗೆರೆ ಬೀಳುತ್ತಿತ್ತು. "ಎರಡು ಇಂಚು ಕರಗಿದರೆ ಸರಿಹೋಗುತ್ತೆ ಸರ್" ಎಂದಳು.

ಬಟ್ಟೆಯ ತಪ್ಪಿಗೆ ಮೈಗೆ ಶಿಕ್ಷೆ! ನಾನು ಹೊಲಿಗೆ ಬಲ್ಲವನಲ್ಲ. ಆದರೆ ಜೇಬಿನಲ್ಲಿ ಕರವಸ್ತ್ರವಿತ್ತು. ನೀವೂ ಒಂದು ಕರವಸ್ತ್ರ ತೆಗೆದುಕೊಳ್ಳಿ.

ಮೊದಲು ಅಂಚಿನ ಗುಂಟ ಎಳೆಯಿರಿ. ಹೆಚ್ಚು ಜಗ್ಗದು. ಮಗ್ಗದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಸಾಲು ನೂಲು. ನೀವು ಎಳೆಯುತ್ತಿರುವುದು ನೂಲನ್ನೇ. ಈಗ ಎದುರುಬದುರಿನ ಎರಡು ಮೂಲೆ ಹಿಡಿದು ಎಳೆಯಿರಿ. ರಬ್ಬರಿನಂತೆ ಉದ್ದವಾಗುತ್ತದೆ, ಜತೆಗೆ ನಡುವೆ ಸಪೂರವಾಗುತ್ತದೆ. ಅಂಗಡಿಗಳ ಮುಂದೆ ಎಳೆದು ಮುಚ್ಚುವ ಕಬ್ಬಿಣದ ಗೇಟು ನೆನಪಿಸಿಕೊಳ್ಳಿ. ಪಟ್ಟಿ ಒಂದೂ ಉದ್ದವಾಗುವುದಿಲ್ಲ, ಕೋನ ಬದಲಾಗುತ್ತದೆ ಅಷ್ಟೆ. ನೂಲುಗಳ ನಡುವಿನ ಚೌಕಗಳೂ ಹಾಗೆಯೇ ವಜ್ರಾಕೃತಿಗೆ ತಿರುಗುತ್ತವೆ.

ಲೆಕ್ಕ ಬೇಕೆನ್ನುವವರಿಗೆ: 10 ಸೆಂ.ಮೀ. ಬಾಹುವಿನ ಚೌಕದ ಕರ್ಣ 14.1 ಸೆಂ.ಮೀ. ಅದನ್ನು 60 ಡಿಗ್ರಿಯ ವಜ್ರಾಕೃತಿ ಮಾಡಿದರೆ ಒಂದು ಕರ್ಣ 17.3ಕ್ಕೆ ಏರುತ್ತದೆ, ಇನ್ನೊಂದು 10ಕ್ಕೆ ಇಳಿಯುತ್ತದೆ. ನಾಲ್ಕು ಬಾಹುಗಳೂ 10 ಸೆಂ.ಮೀ. ಇದ್ದ ಹಾಗೇ ಇವೆ. ನಿಜವಾದ ಬಟ್ಟೆಯಲ್ಲಿ ನೂಲುಗಳು ಒಂದಕ್ಕೊಂದು ಒತ್ತಿಕೊಂಡು ಇಷ್ಟು ದೂರ ಹೋಗಬಿಡುವುದಿಲ್ಲ, ಆದರೆ ತತ್ವ ಇದೇ.

ಈ ಓರೆಯ ಗುಣವನ್ನು ಇಡೀ ಉಡುಪಿಗೆ ಹಬ್ಬಿಸಿ ಹೆಸರಾದವರು ಪ್ಯಾರಿಸ್ಸಿನ ಮ್ಯಾಡಲಿನ್ ವಿಯೊನೆ. 1876ರಲ್ಲಿ ಹುಟ್ಟಿ 1975ರವರೆಗೆ ಬದುಕಿದ್ದ ಈಕೆ ಕಾಗದದ ಮೇಲೆ ಚಿತ್ರ ಬರೆದು ಕೂರುತ್ತಿರಲಿಲ್ಲ. ಮರದ ಪುಟ್ಟ ಗೊಂಬೆಯ ಮೇಲೆ ಬಟ್ಟೆ ಹೊದಿಸಿ ನೋಡುತ್ತಿದ್ದರು. ತೆಳು ಕ್ರೇಪ್ ರೇಷ್ಮೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿದು ಮೈಯನ್ನು ಅನುಸರಿಸುತ್ತದೆ, ಬಿಗಿಯುವ ಒಳಕವಚ ಬೇಕಿಲ್ಲ. ನಮ್ಮೂರ ಗಲ್ಲಿಯ ಟೈಲರ್ 'ಕ್ರಾಸ್ ಕಟಿಂಗ್' ಬ್ಲೌಸ್ ಹೊಲಿಯುವುದೂ, ಕೊರಳಿನ ಸುತ್ತು ಪೈಪಿಂಗಿಗೆ ಓರೆಪಟ್ಟಿ ಕತ್ತರಿಸುವುದೂ ಇದೇ ಕಾರಣಕ್ಕೆ.

ನಮ್ಮ ಹುಡುಗಿಯ ಗೌನನ್ನು ದಪ್ಪ ಸ್ಯಾಟಿನ್ನಿನಲ್ಲಿ, ನೇರ ಕತ್ತರಿಯಲ್ಲಿ ಹೊಲಿಯಲಾಗಿತ್ತು. ಅದು ಜಗ್ಗುವುದಾದರೂ ಹೇಗೆ? ಎರಡು ಇಂಚು ಕರಗಿದ್ದರೂ ಅದು ಚಿತ್ರದಲ್ಲಿದ್ದಂತೆ ಇಳಿಯುತ್ತಿರಲಿಲ್ಲ.

ಹಾಗೆಂದು ಓರೆ ಕತ್ತರಿ ಎಲ್ಲರಿಗೂ ಒಪ್ಪುತ್ತದೆಂದಲ್ಲ. ಅದು ಮೈಯ ಗುಟ್ಟು ಬಿಟ್ಟುಕೊಡುವ ಬಟ್ಟೆ. ಹಳೆಯ ಮಾದರಿ ಎಂದರೆ ಅದೊಂದೇ ಎಂದು ಅವಳು ತಿಳಿದಿದ್ದಳು. 1920ರ ದಶಕದ್ದು ಭುಜದಿಂದ ನೇರ ಇಳಿದು ನಡುವನ್ನು ಗಮನಿಸದೆ ಸೊಂಟದ ಕೆಳಗೆ ಪಟ್ಟಿ ಕಟ್ಟಿಕೊಳ್ಳುತ್ತದೆ. ಸಪೂರ, ನೇರ ಮೈಯವರಿಗೆ ಚೆಂದ. 1800ರ ಆಚೀಚಿನ ಎಂಪೈರ್ ಮಾದರಿಯಲ್ಲಿ ಎದೆಯ ಕೆಳಗೇ ನಡು ಮುಗಿಯುತ್ತದೆ, ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ. ಕ್ರಿಸ್ಚಿಯನ್ ಡಿಯೋರ್ 1947ರ ಫೆಬ್ರವರಿಯಲ್ಲಿ ತೋರಿಸಿದ, ಐವತ್ತರ ದಶಕವನ್ನು ಆಳಿದ ಮಾದರಿ ಮೇಲೆ ಮೈಗೆ ಸರಿಯಾಗಿ ಕೂತು, ನಡುವಿನಿಂದ ಕೊಡೆಯಂತೆ ಅರಳುತ್ತದೆ. ಸೊಂಟ ಅಗಲವಿದ್ದವರಿಗೆ ಇದಕ್ಕಿಂತ ಸ್ನೇಹಿತನಿಲ್ಲ ಎಂದು ನನ್ನ ಹೆಂಡತಿಯ ಅಭಿಪ್ರಾಯ. ನಾನು ಲೆಕ್ಕ ಮಾತ್ರ ಹೇಳಬಲ್ಲೆ.

ಪೂರ್ತಿ ವೃತ್ತದ ಲಂಗ ಎಂದಿಟ್ಟುಕೊಳ್ಳಿ. ನಡು 28 ಇಂಚು, ಉದ್ದ 40 ಇಂಚು. ಕೆಳಗಿನ ಅಂಚಿನ ಸುತ್ತಳತೆ 28ಕ್ಕೆ 2π ಗುಣಿಸು 40 ಕೂಡಿಸಿದಷ್ಟು, ಅಂದರೆ ಸುಮಾರು 279 ಇಂಚು. ಏಳೂ ಮುಕ್ಕಾಲು ಗಜ, ಆರು ಗಜದ ಸೀರೆಗಿಂತ ಉದ್ದ! ನಡು 30 ಇಂಚಾದರೆ? 281. ಮೂರು ವಾರ ಉಪವಾಸವಿದ್ದು ಕರಗಿಸಬೇಕೆಂದ ಎರಡು ಇಂಚು 281ರಲ್ಲಿ ಎರಡು. ಅವಳು ಕರೆಯೋಲೆಯ ಲಕೋಟೆಯ ಮೇಲೇ ಲೆಕ್ಕ ಮಾಡಿ ನೋಡಿದಳು. ಆಮೇಲೆ ಒಂದು ಗೋಳಿಬಜೆ ತೆಗೆದುಕೊಂಡಳು.

ಬಟ್ಟೆಯ ನಂಬರಿಗೂ ಹೆದರಬೇಕಿಲ್ಲ. ಅಮೆರಿಕ 1958ರಲ್ಲಿ ಹೆಂಗಸರ ಉಡುಪಿಗೆ ಅಳತೆ ಗೊತ್ತುಪಡಿಸಿದಾಗ 8ನೇ ನಂಬರಿನ ನಡು 23.5 ಇಂಚು. ಆ ಮಾನದಂಡವನ್ನು 1983ರಲ್ಲಿ ಕೈಬಿಟ್ಟರು. ಈಗ ಅದೇ 8ನೇ ನಂಬರು ಹಲವು ಇಂಚು ಅಗಲ. ಹಾಗಾಗಿ ಹಳೆಯ ಉಡುಪಿನ ನಂಬರು ನೋಡಿ ಕೊಳ್ಳುವವಳು ಅಳುವುದೇ ಸರಿ. ಟೇಪು ಹಿಡಿದು ಅಳೆಯಬೇಕು.

ಬಿಳಿಯೇ ಏಕೆ ಎಂದು ತಾಯಿ ಕೇಳಿದರು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ಬಿಳಿ ರೇಷ್ಮೆಯುಟ್ಟು ಮದುವೆಯಾದ ಮೇಲೆ ಅದು ಹಬ್ಬಿತು. ಬಿಳಿ ಉಟ್ಟವರಲ್ಲಿ ಆಕೆ ಮೊದಲಿಗಳಲ್ಲ. ಅದಕ್ಕೆ ಮೊದಲು ಹೆಚ್ಚಿನವರು ಆಮೇಲೂ ಉಡಬಹುದಾದ ಬಣ್ಣದ ಬಟ್ಟೆಯಲ್ಲೇ ಮದುವೆಯಾಗುತ್ತಿದ್ದರು.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಗೌನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1944ರ ಆಗಸ್ಟಿನಲ್ಲಿ ಅಮೆರಿಕದ ಬಿ-29 ವಿಮಾನಕ್ಕೆ ಬೆಂಕಿ ಹತ್ತಿ, ಅದರ ಪೈಲಟ್ ಪ್ಯಾರಾಚೂಟ್ ಹಿಡಿದು ಹಾರಿ ಚೀನಾದಲ್ಲಿ ಇಳಿದ. ಆ ನೈಲಾನನ್ನು ಜೋಪಾನ ಮಾಡಿ ಊರಿಗೆ ತಂದು, ತಾನು ಮದುವೆಯಾಗಲಿರುವ ಹುಡುಗಿಗೆ ಕೊಟ್ಟ. 1947ರಲ್ಲಿ ಆಕೆ ಅದರಲ್ಲೇ ಗೌನು ಹೊಲಿಸಿಕೊಂಡಳು. ಲಂಗದ ಮುಂಭಾಗ ಗಿಡ್ಡವಾಗಿ ಹಿಂಭಾಗ ನೆಲಕ್ಕೆ ಹರಡಬೇಕಲ್ಲ? ಅದಕ್ಕೆ ಕತ್ತರಿ ಹಾಕಲಿಲ್ಲ. ಪ್ಯಾರಾಚೂಟಿನ ದಾರಗಳನ್ನೇ ಜಗ್ಗಿ ಮೇಲೆತ್ತಿದಳು.

ಮರುವಾರ ಟೈಲರಮ್ಮನಿಂದ ಫೋನು ಬಂತು. ವೃತ್ತದ ಲಂಗ ಹೊಲಿದಾಗಿತ್ತು, ಆದರೆ ಅಂಚು ನಾಲ್ಕು ಕಡೆ ಜೋಲುತ್ತಿದೆ, ಯಾಕೆ ಎಂದು ಕೇಳಿದರು. ವೃತ್ತದಲ್ಲಿ ನೂಲು ಓರೆಯಾಗಿ ಬರುವುದು ನಾಲ್ಕೇ ಕಡೆ. ಅಲ್ಲೆಲ್ಲ ತೂಕಕ್ಕೆ ಚೌಕಗಳು ವಜ್ರವಾಗಿ ಇಳಿದಿದ್ದವು. ಎರಡು ದಿನ ತೂಗುಹಾಕಿ, ಇಳಿಯುವಷ್ಟು ಇಳಿದ ಮೇಲೆ ಅಂಚು ಮಡಿಸಿ ಎಂದೆ. "ಹ್ಞಾಂ, ನಮ್ಮ ಅಮ್ಮನೂ ಹಾಗೇ ತೂಗಾಡಿಸಿಡುತ್ತಿದ್ದರು" ಎಂದರು ಆಕೆ.

ಎರಡನೆಯ ರಾತ್ರಿ ಹುಡುಗಿಯ ಮನೆಯವರು ಅಳೆದು ನೋಡಿದರಂತೆ. ಒಂದು ಕಡೆ ಮುಕ್ಕಾಲು ಇಂಚು, ಇನ್ನೊಂದು ಕಡೆ ಒಂದೂಕಾಲು. ತಾಯಿ ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಮಗಳು ಗೌನಿನಲ್ಲೇ ಸ್ಟೂಲಿನ ಮೇಲೆ ನಿಂತು, ಬಟ್ಟೆಗೆ ತಾಗದಂತೆ ಕೈಚಾಚಿ ದೋಸೆ ತಿನ್ನುತ್ತಿದ್ದಳು.